ಪದ್ಮಾಳ ಹೆಸರು ಬರೆಯದ ಊರು

ಪದ್ಮಾಳನ್ನು ನಾನು ಮೊದಲು ನೋಡಿದ್ದು ಗುರುಗ್ರಾಮದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ. ಎರಡು ಹಾಲಿನ ಕ್ಯಾನು ಇಟ್ಟುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಿದ್ದಳು. ಎಲ್ಲ ಹರಿಯಾಣದ ಹೆಂಗಸರಂತೆ ಇವಳೂ ಒಬ್ಬಳು ಎಂದುಕೊಂಡು, ಫೋನಿನಲ್ಲಿ ಅಮ್ಮನ ಜತೆ ಮಾತಾಡುತ್ತಲೇ ಪಾತ್ರೆ ಮುಂದೆ ಹಿಡಿದೆ. ಹಾಲು ಅಳೆಯುತ್ತಿದ್ದ ಕೈ ನಿಂತುಬಿಟ್ಟಿತು.

“ಕನ್ನಡದೋರಾ ಅಕ್ಕಾ ನೀವು?”

ಅವಳ ಊರು ಹರಪನಹಳ್ಳಿ ಕಡೆ. ಅಪ್ಪ ದೇವೇಂದ್ರಪ್ಪ ಕಲ್ಲು ಒಡೆಯುವ ಕೆಲಸದವರು, ನಾಲ್ಕು ಹೆಣ್ಣುಮಕ್ಕಳು. ಇತ್ತ ಮದುವೆಯಾಗಿ ಬಂದಿದ್ದ ದೂರದ ನೆಂಟಳೊಬ್ಬಳು ಸಂಬಂಧ ತಂದಳು. ಹುಡುಗನಿಗೆ ಮೂರು ಎಕರೆ ಜಮೀನಿದೆ, ವರದಕ್ಷಿಣೆ ಬೇಡ, ಮದುವೆ ಖರ್ಚೂ ಅವರದೇ ಎಂದಳು. ದಾವಣಗೆರೆಯ ಒಂದು ದೇವಸ್ಥಾನದಲ್ಲಿ ಅರ್ಧ ಗಂಟೆಯಲ್ಲಿ ತಾಳಿ ಬಿತ್ತು. ಒಂದು ಫೋಟೋ ಕೂಡ ತೆಗೆಸಲಿಲ್ಲ. ಎರಡು ದಿನದ ರೈಲು ಪ್ರಯಾಣ ಮುಗಿಸಿ ಹತ್ತೊಂಬತ್ತರ ಪದ್ಮಾ ಗುರುಗ್ರಾಮದ ಗಾಜಿನ ಕಟ್ಟಡಗಳನ್ನು ದಾಟಿ, ಸಾಸಿವೆ ಹೊಲಗಳ ನಡುವಿನ ನಂಗಲಾಬಾಸ್ ಎಂಬ ಹಳ್ಳಿಗೆ ಬಂದಿಳಿದಳು.

ಹೊಟ್ಟೆಯಲ್ಲಿರುವುದು ಹೆಣ್ಣೆಂದು ತಿಳಿದರೆ ಹುಟ್ಟಲೂ ಬಿಡದ ಊರುಗಳಿವು. ಆಮೇಲೆ ಗಂಡುಮಕ್ಕಳಿಗೆ ಹೆಣ್ಣು ಸಿಗದೆ ಕರ್ನಾಟಕ, ಒಡಿಶಾ, ಅಸ್ಸಾಮಿನವರೆಗೆ ಅಲೆಯುತ್ತವೆ. ಹಾಗೆ ಅಲೆದು ಕರೆತಂದ ಸೊಸೆಗೆ ಕೊಡುವ ಹೆಸರು ‘ಮೋಲ್ಕಿ’. ಬೆಲೆ ಕೊಟ್ಟು ತಂದವಳು ಎಂದರ್ಥ. ಪದ್ಮಾಳಿಗೆ ಹೆಸರಿತ್ತು. ಹನ್ನೊಂದು ವರ್ಷ ಆ ಊರಿನಲ್ಲಿ ಆ ಹೆಸರಿನಿಂದ ಕರೆದವರು ಇಬ್ಬರೇ: ಗಂಡ ಕಿಶನ್, ಮತ್ತು ಪಕ್ಕದ ಮನೆಯ ವಿಧವೆ ಮುದುಕಿ ಭತೇರಿ. ಈ ಭತೇರಿಯ ಹೆಸರಾದರೂ ಏನು? ಐದನೆಯ ಹೆಣ್ಣು ಹುಟ್ಟಿದಾಗ ಅವಳ ಅಪ್ಪ “ಇನ್ನು ಸಾಕು” ಎಂಬರ್ಥದಲ್ಲಿ ಬೇಸರದಿಂದ ಇಟ್ಟ ಹೆಸರು.

ಕಿಶನ್ ಒಳ್ಳೆಯವನು. ಹೆಂಡತಿಗಾಗಿ “ಊಟ ಆಯ್ತಾ” ಎಂಬುದನ್ನು ಕಲಿತು, ಬೆಳಿಗ್ಗೆ ಎದ್ದ ಕೂಡಲೇ ಕೇಳಿ ಅವಳನ್ನು ನಗಿಸುತ್ತಿದ್ದ. ಮಗಳಿಗೆ ಅವಳು ಅಮೂಲ್ಯ ಎಂಬ ಕನ್ನಡದ ಹೆಸರಿಟ್ಟಾಗ ಅಡ್ಡ ಬರಲಿಲ್ಲ. ಒಂದು ಸಂಜೆ ಮೋಟಾರ್ ಸೈಕಲ್ಲಿನ ಮೇಲೆ ಮೇವಿನ ಹೊರೆ ಕಟ್ಟಿಕೊಂಡು ಬರುವಾಗ, ಹೊಸ ಹೆದ್ದಾರಿಯಲ್ಲಿ ಮಣ್ಣು ಸಾಗಿಸುವ ಲಾರಿಯೊಂದು ಅವನನ್ನು ಗುದ್ದಿ ಹೋಯಿತು. ಲಾರಿ ಯಾವುದೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಪದ್ಮಾ ಮೂರು ಎಮ್ಮೆ ಕಟ್ಟಿಕೊಂಡು ಹಾಲು ಮಾರತೊಡಗಿದಳು. ಹೊಲವನ್ನು ಕಿಶನ್‌ನ ಅಣ್ಣ ಚರಣ್ ಉಳುತ್ತಿದ್ದ. ಬೆಳೆ ಬಂದಾಗ ಒಂದಷ್ಟು ಗೋಧಿ ಕಳಿಸುತ್ತಿದ್ದ, ಭಿಕ್ಷೆ ಹಾಕಿದಂತೆ.

ಆ ಚಳಿಗಾಲದಲ್ಲಿ ಸುತ್ತಲ ಹಳ್ಳಿಗಳಲ್ಲಿ ಕಳ್ಳತನ ಹೆಚ್ಚಾಯಿತು. ಬೋರ್‌ವೆಲ್ಲಿನ ತಾಮ್ರದ ತಂತಿ, ಮೋಟಾರು, ಕಟ್ಟಿದ ಎಮ್ಮೆಗಳು ಒಂದೊಂದಾಗಿ ಕಾಣೆಯಾದವು. ನಂಗಲಾಬಾಸಿನ ಹಿರಿಯರು ಚಾವಡಿಯಲ್ಲಿ ಸೇರಿ, ಮನೆಗೊಬ್ಬರಂತೆ ಸರದಿಯಲ್ಲಿ ಪಹರೆ ಎಂದು ತೀರ್ಮಾನಿಸಿದರು. ಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ಅದರಲ್ಲಿ ಪದ್ಮಾಳ ಮನೆ ಇರಲಿಲ್ಲ. ಅವಳು ಚಾವಡಿಗೇ ಹೋಗಿ ಕೇಳಿದಳು.

“ಗಂಡಸಿಲ್ಲದ ಮನೆ. ಪಹರೆಗೆ ಯಾರು ಬರ್ತಾರೆ?” ಎಂದರು.

“ನಾನು ಬರ್ತೀನಿ. ಕೋಲು ಹಿಡಿಯೋಕೆ ನನಗೂ ಬರುತ್ತೆ.”

ಹುಕ್ಕಾ ಸುತ್ತ ಕೂತವರೆಲ್ಲ ನಕ್ಕರು. ಪಹರೆಯವರು ಪಟ್ಟಿಯಲ್ಲಿದ್ದ ಮನೆಗಳ ಬೀದಿಗಳನ್ನು ಕಾದರು. ಕೆರೆಯ ಪಕ್ಕದ ಪದ್ಮಾಳ ಬೀದಿಗೆ ಬರಲೇ ಇಲ್ಲ. ಮೂರನೆಯ ವಾರ ಅವಳು ಬೆಳಿಗ್ಗೆ ಹಾಲು ಕರೆಯಲು ಹೋದರೆ, ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ. ಉಳಿದೆರಡರ ಹಗ್ಗ ಕೊಯ್ದಿದ್ದರು. ಅಂಗಳದ ಕೆಸರಿನಲ್ಲಿ ಗಾಡಿಯ ಚಕ್ರದ ಗುರುತು ಹಸಿಯಾಗಿತ್ತು.

ಅವಳು ಪೊಲೀಸ್ ಠಾಣೆಗೆ ಓಡಿದಳು.

“ಮನೆ ಯಜಮಾನನನ್ನ ಕರ್ಕೊಂಡು ಬಾ,” ಎಂದ ಅಲ್ಲಿದ್ದ ಪೇದೆ.

“ಯಜಮಾನ ತೀರಿಕೊಂಡಿದ್ದಾನೆ ಸಾಹೇಬ್.”

“ಹಾಗಾದ್ರೆ ಈಗಿನ ಯಜಮಾನನನ್ನ.”

ಚರಣ್‌ನನ್ನು ಕರೆಸಿದರು. ಅವನು ಕುರ್ಚಿಯಲ್ಲಿ ಕೂತು, ನಿಂತಿದ್ದ ಅವಳತ್ತ ತಿರುಗಿಯೂ ನೋಡದೆ, “ಕಳ್ಳತನ ಎಲ್ಲಿಂದ ಬಂತು? ಇವಳೇ ಮಾರಿರ್ತಾಳೆ. ತವರಿಗೆ ಓಡಿಹೋಗೋಕೆ ತಯಾರಿ,” ಎಂದ. ದೂರು ಬರೆದುಕೊಳ್ಳಲಿಲ್ಲ.

ಮರುದಿನ ಒಂದೇ ಕ್ಯಾನಿನೊಂದಿಗೆ ಗೇಟಿಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಅತ್ತಿದ್ದಕ್ಕಲ್ಲ. “ನಾನೇನು ಎಮ್ಮೆನಾ ಅಕ್ಕಾ, ಹಗ್ಗ ಹಿಡಿದೋರಿಗೆ ಸೇರೋಕೆ?” ಎಂದಳು.

ಅವಳನ್ನು ನಮ್ಮ ಮೇಲಿನ ಮನೆಯ ಕೃಷ್ಣಮೂರ್ತಿಯವರ ಬಳಿ ಕರೆದೊಯ್ದೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ನೋಡಿ ನಿವೃತ್ತರಾದವರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಜಮೀನು ಈಗ ಯಾರ ಹೆಸರಲ್ಲಿದೆಯಮ್ಮಾ?”

“ನಮ್ಮ ಮನೆಯವರ ಹೆಸರಲ್ಲೇ ಇರಬೇಕು ಸರ್.”

“ಇರಬೇಕು ಅಂದ್ರೆ ಆಗಲ್ಲ. ಚಲೋ, ನೋಡೋಣ.”

ಮೂವರೂ ಪಟವಾರಿಯ ಕಚೇರಿಗೆ ಹೋದೆವು. ಪಟವಾರಿ ಎಂದರೆ ನಮ್ಮ ಕಡೆಯ ಶಾನುಭೋಗನ ಹಾಗೆ, ಊರಿನ ಜಮೀನಿನ ದಾಖಲೆ ಇಡುವವನು. ಅಮೂಲ್ಯಳಿಗೆ ಅಂದು ಶಾಲೆ ರಜೆ; ಅವಳೂ ಬಂದಿದ್ದಳು. ಖಾತೆ ಬದಲಾವಣೆಗೆ ಚರಣ್ ಆಗಲೇ ಅರ್ಜಿ ಹಾಕಿದ್ದ. ಕೃಷ್ಣಮೂರ್ತಿ ಕನ್ನಡಕ ಏರಿಸಿ ಹಿಂದಿಯಲ್ಲಿದ್ದ ಸಾಲನ್ನು ಓದಿದರು, ನನಗೂ ತೋರಿಸಿದರು: ಕಿಶನ್ ಅವಿವಾಹಿತನಾಗಿ ತೀರಿಕೊಂಡಿದ್ದಾನೆ, ಅಣ್ಣನೇ ಏಕೈಕ ವಾರಸುದಾರ. ಕೆಳಗೆ ಪಟವಾರಿಯ ಸಹಿ.

ಅವಿವಾಹಿತ! ಈ ಪಟವಾರಿ ವಾಸವಿದ್ದದ್ದು ಪದ್ಮಾಳ ಮನೆಯಿಂದ ಎರಡು ಬೀದಿ ಆಚೆ. ಅವಳು ಕಾಸಿದ ಚಹಾ ಎಷ್ಟು ಸಲ ಕುಡಿದಿದ್ದನೋ. ಹುಬ್ಬು, ಮೂಗು ಎಲ್ಲ ಕಿಶನ್‌ನಂತೆಯೇ ಇದ್ದ ಹತ್ತು ವರ್ಷದ ಹುಡುಗಿ ಮೇಜಿನ ಎದುರಿಗೇ ನಿಂತಿದ್ದಳು.

“ಮಮ್ಮಿ, ಅವಿವಾಹಿತ್ ಕಾ ಮತ್ಲಬ್ ಕ್ಯಾ?” ಅವಿವಾಹಿತ ಅಂದರೆ ಏನರ್ಥ ಎಂದು ಕೇಳಿದಳು ಅಮೂಲ್ಯ.

ಪದ್ಮಾ ಮಗಳ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ ಹುಡುಗಿ ನೋವಿನಿಂದ ಕೈ ಬಿಡಿಸಿಕೊಂಡಳು.

ಆಕ್ಷೇಪಣೆ ಬರೆದದ್ದು ಕೃಷ್ಣಮೂರ್ತಿ. ದಾಖಲೆ ಹುಡುಕಿದ್ದು ಪದ್ಮಾ. ಹೆರಿಗೆಯ ದಿನ ಕಿಶನ್ ಸಹಿ ಹಾಕಿದ್ದ ಆಸ್ಪತ್ರೆಯ ಚೀಟಿ, ಮಗಳ ಜನನ ಪ್ರಮಾಣಪತ್ರ, ಪತಿಯ ಹೆಸರಿದ್ದ ಮತದಾರರ ಚೀಟಿ. ಆದರೆ ತಹಶೀಲ್ದಾರರ ಕಚೇರಿಯಲ್ಲಿ ಮದುವೆಗೆ ಊರಿನ ಸಾಕ್ಷಿ ಬೇಕು ಎಂದರು. ಪದ್ಮಾ ಹದಿನಾಲ್ಕು ಮನೆ ಹತ್ತಿಳಿದಳು. ಗಂಡಸರು ಚರಣ್‌ನ ಮುಖ ನೋಡಿದರು, ಹೆಂಗಸರು ಗಂಡಸರ ಮುಖ ನೋಡಿದರು. “ಮನೆ ಮಾತು ಮನೆಯಲ್ಲೇ ಮುಗಿಸಿಕೋ” ಎಂದು ಬುದ್ಧಿ ಹೇಳಿದವರೇ ಹೆಚ್ಚು. ಮನೆಯಿಂದಲೇ ಅವಳನ್ನು ಹೊರಹಾಕಲು ಹೊರಟಿದ್ದಾಗ!

ಬರುತ್ತೇನೆಂದವಳು ಭತೇರಿ ಒಬ್ಬಳೇ.

ವಿಚಾರಣೆಯ ದಿನ ತಹಶೀಲ್ದಾರರ ಮುಂದೆ ಚರಣ್ ನಾಚಿಕೆಯಿಲ್ಲದೆ ನುಡಿದ. “ಮದುವೆ ಎಲ್ಲಾಯ್ತು ಸಾಹೇಬ್? ಮೋಲ್ಕಿ ಇವಳು. ತಮ್ಮ ತಂದು ಇಟ್ಟುಕೊಂಡಿದ್ದ, ಅಷ್ಟೇ.”

ಪದ್ಮಾ ಬಾಯಿ ತೆರೆಯುವ ಮೊದಲೇ ಭತೇರಿ ಮುಂದೆ ಬಂದಳು. ಐವತ್ತು ವರ್ಷ ಊರ ಗಂಡಸರೆದುರು ಮುಖ ತೋರಿಸದಿದ್ದ ಮುದುಕಿ ಮುಸುಕನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು.

“ಏ ಚರಣ್, ಇವಳು ಬಂದ ದಿನ ಹೊಸ ಸೊಸೆ ಅಂತ ಹೊಸ್ತಿಲಿಗೆ ಎಣ್ಣೆ ಹಾಕಿ ಒಳಗೆ ಕರೆದೋಳು ಯಾರು? ನಿನ್ನ ಹೆಂಡ್ತಿ. ಕಿಶನ್ ಹೆಣ ಎತ್ತೋವಾಗ ಇವಳ ಕೈಯ ಬಳೆ ಒಡೆದೋಳು ಯಾರು? ಅವಳೇ. ನೀನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಹೆಂಡ್ತಿ ಅಲ್ಲದೋಳ ಬಳೆ ಯಾಕೋ ಒಡೆಸಿದೆ?”

ತಹಶೀಲ್ದಾರರು ಪಟವಾರಿಯತ್ತ ತಿರುಗಿದರು. “ಈ ಕಾಗದಗಳೆಲ್ಲ ನನ್ನ ಗಮನಕ್ಕೆ ಬಂದಿರಲಿಲ್ಲ ಸರ್,” ಎಂದ ಅವನು.

ಎರಡು ತಿಂಗಳ ಮೇಲೆ ಖಾತೆ ಪದ್ಮಾ ಮತ್ತು ಅಮೂಲ್ಯಳ ಹೆಸರಿಗಾಯಿತು. ನ್ಯಾಯ ಸಿಕ್ಕಿತು ಎಂದು ನಾನು ಸಿಹಿ ತಂದೆ. ಪದ್ಮಾ ಅದನ್ನು ಮಗಳ ಕೈಗೆ ಕೊಟ್ಟು, “ನಂದೇ ನನಗೆ ಕೊಟ್ರು ಅಕ್ಕಾ. ಅದಕ್ಕೆ ಸಿಹಿ ಯಾಕೆ?” ಎಂದಳು. ಅವಳ ಮಾತು ಸರಿಯಾಗಿತ್ತು. ಸುಳ್ಳು ಬರೆದ ಪಟವಾರಿಗೆ ಒಂದು ನೋಟಿಸೂ ಬರಲಿಲ್ಲ, ಅದೇ ಕುರ್ಚಿಯಲ್ಲಿದ್ದಾನೆ. ಚರಣ್ ಮೇಲ್ಮನವಿ ಹಾಕಿದ್ದಾನೆ, ಅವಳ ಹೊಲಕ್ಕೆ ಬರುತ್ತಿದ್ದ ತನ್ನ ಬೋರ್‌ವೆಲ್ಲಿನ ನೀರನ್ನೂ ನಿಲ್ಲಿಸಿದ್ದಾನೆ. ಹೋದ ಎಮ್ಮೆಗಳು ಹೋದವೇ.

ಆದರೂ ಈ ವರ್ಷ ಪದ್ಮಾ ತಾನೇ ನಿಂತು ಸಾಸಿವೆ ಬಿತ್ತಿಸಿದಳು. ಹೂ ಬಂದಾಗ ನೋಡಲು ಕರೆದಳು, ಹೋಗಿದ್ದೆ. ಹೊಲದ ಬದುವಿನಲ್ಲಿ ಇಬ್ಬರು ಹೆಂಗಸರು ಮೊದಲೇ ಬಂದು ಕೂತಿದ್ದರು. ಒಬ್ಬಳು ಒಡಿಶಾದವಳು, ಇನ್ನೊಬ್ಬಳು ಅಸ್ಸಾಮಿನವಳು. ಇಬ್ಬರ ಗಂಡಂದಿರೂ ಬದುಕಿದ್ದಾರೆ. ಒಡಿಶಾದವಳು ಸೆರಗಿನ ಗಂಟು ಬಿಚ್ಚಿ, ಮಡಿಕೆ ಮಡಿಕೆಯಾಗಿದ್ದ ರೇಷನ್ ಕಾರ್ಡು ತೆಗೆದು ಪದ್ಮಾಳ ಮುಂದೆ ಹಿಡಿದಳು.

“ಇದಿಷ್ಟು ಸಾಕಾ ದೀದಿ?” ಎಂದಳು.

“ಸಾಕಾಗಲ್ಲ,” ಎಂದಳು ಪದ್ಮಾ. “ಗಂಡ ಉಸಿರಾಡ್ತಿರೋವಾಗಲೇ ಮದುವೆ ನೋಂದಣಿ ಮಾಡಿಸು. ಸೋಮವಾರ ಕಚೇರಿ ತೆರೆದಿರುತ್ತೆ. ನಾನೂ ಬರ್ತೀನಿ.”