ಎರಡನೇ ವರಸೆ

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಮ್ಮ ಹೂಲಿಯಲ್ಲಿ ಚಳಿಗಾಲದ ಬೆಳಗು ಮೊದಲು ಕಿವಿಗೆ ಬರುತ್ತಿತ್ತು, ಆಮೇಲೆ ಕಣ್ಣಿಗೆ. ಗುಡ್ಡದಿಂದ ಇಳಿದ ಮಂಜಿನಲ್ಲಿ ಊರು ಮುಳುಗಿರುತ್ತಿತ್ತು. ಹಳೆಯ ಗುಡಿಗಳ ಶಿಖರಗಳು ಮಾತ್ರ ಯಾರೋ ಮರೆತು ಬಿಟ್ಟು ಹೋದ ಹಾಗೆ ಮೇಲೆ ತೇಲುತ್ತಿದ್ದವು. ಆ ಬಿಳುಪಿನೊಳಗಿಂದ ಟಕ್ ಟಕ್ ಎಂದು ಬೆತ್ತಕ್ಕೆ ಬೆತ್ತ ತಾಗುವ ಸದ್ದು ಕೇಳುತ್ತಿತ್ತು. ನಾನು ಕೌದಿ ಒದ್ದು, ಮುಖವನ್ನೂ ತೊಳೆಯದೆ, ತಾಲೀಮು ಮನೆಗೆ ಓಡುತ್ತಿದ್ದೆ.

ತಾಲೀಮು ಮನೆಯ ಬಾಗಿಲು ಬಹಳ ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗಿನ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಬೆರೆಸಿ ಹದ ಮಾಡಿರುತ್ತಿದ್ದರು. ನಿಮ್ಮಲ್ಲೂ ಹಲವರು ಆ ಮಣ್ಣನ್ನು ಮೈಗೆ ಹಚ್ಚಿಕೊಂಡವರು ಇರಬಹುದು. ಈಗಲೂ ಮನೆಯಲ್ಲಿ ನಿಂಬೆ ಉಪ್ಪಿನಕಾಯಿಯ ಭರಣಿ ತೆರೆದರೆ ನನಗೆ ಆ ಕತ್ತಲೆ ಕೋಣೆ, ಮೂಲೆಯಲ್ಲಿ ಹಣಮಪ್ಪನ ಮುಂದಿನ ಹಣತೆ, ಅದರ ಪಕ್ಕ ಕಂಬಳಿ ಹಾಸಿ ಕೂತ ಮೌಲಾಸಾಬ ಉಸ್ತಾದರು ಎಲ್ಲ ಒಮ್ಮೆಲೇ ಕಾಣುತ್ತಾರೆ.

ಉಸ್ತಾದರಿಗೆ ಎಪ್ಪತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಕುಸ್ತಿಯ ಉಸ್ತುವಾರಿ ಬೇರೆಯವರದು. ಇವರು ಕಲಿಸುತ್ತಿದ್ದುದು ಕತ್ತಿವರಸೆ. ಹುಡುಗರಿಗೆ ಕತ್ತಿ ಎಲ್ಲಿಂದ ಬರಬೇಕು? ಬಲಗೈಗೆ ತೋಳುದ್ದದ ಬೆತ್ತ, ಎಡಗೈಗೆ ರೊಟ್ಟಿಯಷ್ಟು ಅಗಲದ ಚರ್ಮದ ಗುರಾಣಿ. ಮೂರು ಸಲ ಮೊದಲು ಮುಟ್ಟಿಸಿದವನು ಗೆದ್ದ. ಆಟ ಇಷ್ಟೇ.

ಆದರೆ ಅದರಲ್ಲಿ ಒಂದು ಕಟ್ಟಳೆ ಇತ್ತು. ಬೆತ್ತ ಮುಟ್ಟಿತೆಂದು ಮುಟ್ಟಿಸಿದವನು ಹೇಳಬಾರದು. ನೋಡುವವರು ಹೇಳಬಾರದು. ಉಸ್ತಾದರೂ ಹೇಳುತ್ತಿರಲಿಲ್ಲ. ಮುಟ್ಟಿಸಿದವನು ಎರಡು ಹೆಜ್ಜೆ ಹಿಂದೆ ಸರಿದು, ಬೆತ್ತ ಇಳಿಸಿ, ಸುಮ್ಮನೆ ನಿಲ್ಲಬೇಕು. ಮುಟ್ಟಿಸಿಕೊಂಡವನೇ ಪೆಟ್ಟು ಬಿದ್ದ ಜಾಗದ ಮೇಲೆ ಎಡಗೈ ಇಟ್ಟು, ಎಲ್ಲರಿಗೂ ಕೇಳುವಂತೆ “ಮುಟ್ಟಿತ್ರಿ” ಅನ್ನಬೇಕು. ಮೈಗೆ ತಾಗಲಿ, ಉಟ್ಟ ಬಟ್ಟೆಯ ಚುಂಗಿಗೆ ತಾಗಲಿ, ಲೆಕ್ಕ ಒಂದೇ.

ಒಮ್ಮೆ ನಾನು ಕೇಳಿದ್ದೆ, ನಿಮಗೆ ಕಣ್ಣು ಕಾಣುವುದಿಲ್ಲವಲ್ಲ, ಯಾರಾದರೂ ಸುಳ್ಳು ಹೇಳಿದರೆ ಹೇಗೆಂದು. ಉಸ್ತಾದರು ನಕ್ಕರು.

“ಕುಸ್ತ್ಯಾಗ ಬೆನ್ನಿಗೆ ಮಣ್ಣ ಹತ್ತತೈತಿ, ಊರೆಲ್ಲಾ ನೋಡತೈತಿ ಮಗಾ. ಇದರಾಗ ಹತ್ತಿದ್ದು ಹತ್ತಿಸಿಕೊಂಡಾವಗಷ್ಟ ಗೊತ್ತು. ಅದಕ್ಕ ಇದು ದೊಡ್ಡ ಆಟ.”

ಆ ಮಾತಿನ ತೂಕ ಹದಿಮೂರರ ಹುಡುಗನಿಗೆ ಏನು ತಿಳಿಯಬೇಕು? ಆದರೆ ಅದರ ರುಚಿ ಮಾತ್ರ ಗೊತ್ತಿತ್ತು. ನನ್ನ ಜೋಡಿ ಈರಪ್ಪ, ಎಲ್ಲರ ಬಾಯಲ್ಲಿ ಈರ್ಯಾ. ಕೆಳಗಿನ ಓಣಿಯ ಒಕ್ಕಲಿಗರ ಮನೆಯ ಹುಡುಗ, ನನ್ನದೇ ತರಗತಿ, ಉದ್ದ ಕೈಯವನು. ಒಂದು ಬೆಳಗ್ಗೆ ನಾವಿಬ್ಬರೂ ಎರಡೆರಡು ಸಲ ಮುಟ್ಟಿಸಿ ಸಮ ನಿಂತಿದ್ದೆವು. ಬೆತ್ತಗಳ ಸದ್ದು ಎಷ್ಟು ಹೊತ್ತು ನಡೆಯಿತೋ, ಜೋಳ ಹುರಿದಂತೆ ಒಂದೇ ಸಮನೆ. ಕೊನೆಗೆ ನನ್ನ ಬೆತ್ತ ಅವನ ಭುಜಕ್ಕೆ, ಅವನದು ನನ್ನ ಮೊಣಕಾಲಿಗೆ ಒಂದೇ ಗಳಿಗೆಯಲ್ಲಿ ತಾಗಿದವು. ಇಬ್ಬರೂ ಒಟ್ಟಿಗೇ ಹಿಂದೆ ಸರಿದೆವು, ಒಟ್ಟಿಗೇ “ಮುಟ್ಟಿತ್ರಿ” ಅಂದೆವು. ಕುಸ್ತಿಯವರು ಹಿಡಿತ ಬಿಟ್ಟು ನಗತೊಡಗಿದರು. ಮತ್ತೆ ಆಡಿಸಿದಾಗ ನಾನು ಸೋತೆ. ಸೋತವನು ಮನೆಗೆ ಕುಣಿಯುತ್ತ ಹೋದೆ. ಅವ್ವ ಒಲೆಯ ಮುಂದೆ ಸಜ್ಜಿರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತ, ಗೆದ್ದೆಯೇನೋ ಎಂದು ಕೇಳಿದಳು. ಇಲ್ಲ, ಸೋತೆ ಅಂದೆ. ಹಾಗಾದರೆ ಹಲ್ಲು ಯಾಕೆ ಕಿರಿಯುತ್ತೀ ಅಂದಳು. ಅಂಥ ಸಿಹಿ ಸೋಲು ಮತ್ತೆ ನನ್ನ ಬಾಳಿನಲ್ಲಿ ಬರಲಿಲ್ಲ.

ಆ ವರ್ಷ ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ಉಸ್ತಾದರು ಒಂದು ಮಾತು ಹೇಳಿದರು. ಅವರ ಬಳಿ ಒಂದು ಪಟ್ಟಾ ಇತ್ತು. ಆಳೆತ್ತರದ ಬಾಗುವ ಕತ್ತಿ. ಹಿಡಿಯ ಬದಲು ಮೊಣಕೈವರೆಗೆ ಕೈ ತೂರಿಸುವ ಕಬ್ಬಿಣದ ಗವಸು. ಅದನ್ನು ತಿರುಗಿಸುವ ಹನ್ನೆರಡು ವರಸೆಗಳನ್ನು ಅವರು ತಮ್ಮ ತಂದೆಯಿಂದ ಕಲಿತಿದ್ದರು. ಸುತ್ತ ಹಳ್ಳಿಗಳಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಕೈಯಲ್ಲಿ ಕಸುವು ಇರುವಾಗಲೇ ಒಬ್ಬನಿಗೆ ಕಲಿಸುತ್ತೇನೆ, ಎಳ್ಳಮಾವಾಸ್ಯೆಯ ದಿನ ನೀವಿಬ್ಬರೂ ಆಡಿರಿ, ಗೆದ್ದವನ ಕೈಗೆ ಪಟ್ಟಾ ಅಂದರು.

ಅಂದಿನಿಂದ ನನಗೆ ಕನಸಿನಲ್ಲಿಯೂ ಪಟ್ಟಾ. ಸಾಲೆಯಲ್ಲಿ ಕೂತರೆ ಹಲಗೆಯ ಮೇಲೆ ಅದು ಹಾವಿನಂತೆ ಹೊರಳುತ್ತಿತ್ತು.

ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬಂಡಿ ಹೂಡಿ ಹೊಲಕ್ಕೆ ಹೋಗುವುದು ನಮ್ಮ ಕಡೆಯ ರೂಢಿ. ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಅಲ್ಲೇ ಸಾಲಾಗಿ ಕೂತು ಉಣ್ಣುವುದು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಎಳ್ಳು ಹಚ್ಚಿದ ರೊಟ್ಟಿ. ಊಟವಾದ ಮೇಲೆ ಈರ್ಯಾನ ಮನೆಯವರ ಹೊಲದಲ್ಲಿ ಒಂದು ತುಂಡು ನೆಲ ಕೆತ್ತಿ ಹಸನು ಮಾಡಿದರು. ಸುತ್ತ ಎದೆಯೆತ್ತರದ ಜೋಳ, ಆಚೆಗೆ ಅರಳಿದ ಹತ್ತಿ. ಬಿಸಿಲು ಹಾಲಿನಂತಿತ್ತು. ಉಸ್ತಾದರನ್ನು ಬಂಡಿಯಿಂದ ಕೈಹಿಡಿದು ಇಳಿಸಿ ಕಂಬಳಿಯ ಮೇಲೆ ಕೂರಿಸಿದರು. ಪಟ್ಟಾ ಬಂಡಿಯ ಮೂಕಿಗೆ ಒರಗಿ ಹೊಳೆಯುತ್ತಿತ್ತು. ಅವ್ವ ನನ್ನ ನಡುವಿಗೆ ಅಜ್ಜನ ಕೆಂಪು ರುಮಾಲನ್ನು ಮೂರು ಸುತ್ತು ಬಿಗಿದಳು.

ಒಂದು ಅವನದು, ಒಂದು ನನ್ನದು. ಮತ್ತೊಂದು ಅವನದು, ಮತ್ತೊಂದು ನನ್ನದು. ಎರಡೆರಡಾದವು. ಹೆಂಗಸರೂ ಮಾತು ನಿಲ್ಲಿಸಿ ಎದ್ದು ನಿಂತರು.

ಕೊನೆಯ ಪಟ್ಟು ಈಗಲೂ ನನಗೆ ನೀರಿನೊಳಗೆ ನಡೆದಂತೆ ನಿಧಾನವಾಗಿ ಕಾಣುತ್ತದೆ. ಈರ್ಯಾ ಎಡಕ್ಕೆ ಬಂದಂತೆ ಮಾಡಿ ಕೆಳಗೆ ಜಾರಿದ. ನಾನು ಗುರಾಣಿ ತರುವಷ್ಟರಲ್ಲಿ ಅವನ ಬೆತ್ತದ ತುದಿ ನನ್ನ ನಡುವಿನ ರುಮಾಲನ್ನು ಸವರಿ ಹೋಯಿತು. ಹಕ್ಕಿಯ ರೆಕ್ಕೆ ತಾಗಿದಷ್ಟು ಹಗುರ. ಅದೇ ಹೊತ್ತಿಗೆ ಗಿಡದ ಕೆಳಗಿನ ಎತ್ತುಗಳು ಕೊರಳು ಕೊಡವಿ, ಗಂಟೆಗಳ ಸದ್ದು ತುಂಬಿತು. ಮೈಮೇಲೆ ಗೆರೆಯಿಲ್ಲ, ಸದ್ದಿಲ್ಲ. ಈರ್ಯಾ ಎರಡು ಹೆಜ್ಜೆ ಹಿಂದೆ ಸರಿದ, ಬೆತ್ತ ಇಳಿಸಿದ, ನನ್ನ ಬಾಯಿ ನೋಡುತ್ತ ನಿಂತ. ಅವನ ಮುಖದಲ್ಲಿ ಗೆದ್ದ ಹಿಗ್ಗು ಇನ್ನೂ ಬಂದಿರಲಿಲ್ಲ. ನಾನು ಹೇಳಿದ ಮೇಲೆ ಬರಲೆಂದು ಅದನ್ನು ಹಿಡಿದಿಟ್ಟುಕೊಂಡಿದ್ದ.

ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇದು ಸುಳ್ಳಲ್ಲ. ಅಷ್ಟರಲ್ಲಿ ಅವನ ಹೆಗಲಾಚೆಗೆ ಪಟ್ಟಾ ಹೊಳೆದದ್ದು ಕಂಡಿತು. ನಾನು ಒಂದು ಹೆಜ್ಜೆ ಮುಂದೆ ಹಾರಿ ಅವನ ತೆರೆದ ಎದೆಗೆ ಬೆತ್ತ ಬೀಸಿದೆ.

ಫಟ್ ಎಂದ ಆ ಸದ್ದು ಎಲ್ಲರಿಗೂ ಕೇಳಿತು. ಈರ್ಯಾ ನನ್ನನ್ನೇ ನೋಡಿದ. ಆಮೇಲೆ ಎಡಗೈಯನ್ನು ಎದೆಯ ಮೇಲಿಟ್ಟು, “ಮುಟ್ಟಿತ್ರಿ ಉಸ್ತಾದರ” ಅಂದ.

ಅವನಿಗೆ ಮುಟ್ಟಿದ್ದು ನಿಜವಲ್ಲವೇ? ನಿಜವಿದ್ದದ್ದನ್ನು ಅವನು ಹೇಳಿದ.

ಉಸ್ತಾದರು ಬೆಳ್ಳಗಾದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ ಕೇಳಿದರು: “ಶಂಕ್ರಾ, ನಿಂದೇನರ ಹೇಳೂದು ಐತೇನು?”

“ಏನಿಲ್ರಿ.”

ಜನ ಚಪ್ಪಾಳೆ ಹೊಡೆದರು, ಆದರೆ ಅದು ಬೇಗ ನಿಂತಿತು. ಈರ್ಯಾ ದಣಿದು ಬೆತ್ತ ಇಳಿಸಿದನೆಂದು ಕೆಲವರು ತಿಳಿದರು. ಹಿರಿಯರು ಮುಖ ಮುಖ ನೋಡಿಕೊಂಡರು. ನನ್ನ ಸೋದರಮಾವ ಎಲೆ ಅಡಿಕೆ ಬಾಯಿಗೆ ಹಾಕುತ್ತ, “ಯಾಕೋ ಉಪ್ಪಿಲ್ಲದ ಪಲ್ಯೆ ಉಂಡಂಗಾತು ನೋಡಪಾ” ಅಂದದ್ದು ನನ್ನ ಕಿವಿಗೆ ಬಿತ್ತು. ಗೆದ್ದವನಿಗೆ ಅವ್ವ ಕೊಟ್ಟ ಹೋಳಿಗೆಯನ್ನು ಎತ್ತಿಗೆ ತಿನ್ನಿಸಿದೆ.

ಮರುದಿನದಿಂದ ನನ್ನ ಕೈಗೆ ಪಟ್ಟಾ ಬಂತು. ಮೊದಲನೇ ವರಸೆ ಸಲಾಮಿ: ಕತ್ತಿಯನ್ನು ನೆಲಕ್ಕೆ ಮುಟ್ಟಿಸಿ, ಎದೆಗೆ ತಂದು, ಎದುರಿನವನಿಗೆ ತಲೆ ಬಾಗಿಸುವುದು. ನಾಲ್ಕು ದಿನದಲ್ಲಿ ಕಲಿತೆ. ಐದನೇ ದಿನವೂ ಉಸ್ತಾದರು ಅದನ್ನೇ ಮಾಡಿಸಿದರು. ಹತ್ತನೇ ದಿನವೂ ಅದನ್ನೇ. ನನ್ನ ಕೈಮೇಲೆ ತಮ್ಮ ಒರಟು ಕೈಯಿಟ್ಟು ತೂಗಿ ನೋಡಿ, “ಮತ್ತೊಮ್ಮೆ” ಅನ್ನುತ್ತಿದ್ದರು. ಶಿವರಾತ್ರಿ ಬಂತು, ಹೋಳಿ ಬಂತು, ಮತ್ತೊಮ್ಮೆ. ಒಂದು ದಿನ ರೇಗಿ, ಎರಡನೇ ವರಸೆ ಯಾವಾಗ ಎಂದು ಕೇಳಿದೆ.

“ಇದು ಇನ್ನೂ ಮುಗದಿಲ್ಲ ಮಗಾ.”

ಈರ್ಯಾ ಬೆತ್ತ ಹಿಡಿಯುವುದನ್ನು ಬಿಟ್ಟಿದ್ದ. ಆದರೂ ದಿನಾ ಬರುತ್ತಿದ್ದ. ಕೊಡದಿಂದ ನೀರು ಚಿಮುಕಿಸಿ ಮಣ್ಣು ಹದ ಮಾಡಿ, ಬಾಗಿಲ ಬಳಿ ಕೂತು ನನ್ನ ಸಲಾಮಿ ನೋಡಿ ಹೋಗುತ್ತಿದ್ದ. ನನ್ನನ್ನು ಹಂಗಿಸಲಿಕ್ಕೇ ಬರುತ್ತಾನೆಂದು ನಾನು ತಿಳಿದೆ. ಮುದುಕ ವಿದ್ಯೆಯನ್ನು ಬಚ್ಚಿಡುತ್ತಿದ್ದಾನೆಂದೂ ತಿಳಿದೆ. ಯುಗಾದಿಯ ನಂತರ ಓದಿನ ನೆಪ ಹೇಳಿ ತಾಲೀಮು ಬಿಟ್ಟೆ. ಬಾಗಿಲು ತೆರೆದೇ ಇರುತ್ತದೆ ಎಂದಷ್ಟೇ ಉಸ್ತಾದರು ಹೇಳಿದರು. ಹೈಸ್ಕೂಲಿಗೆ ನಾನು ಬೈಲಹೊಂಗಲಕ್ಕೆ ಹೋದೆ. ಎರಡು ವರ್ಷದಲ್ಲಿ ಅವರು ತೀರಿಕೊಂಡರು. ಪಟ್ಟಾವನ್ನು ರಾಮದುರ್ಗದ ಕಡೆಯ ಅವರ ಮಗಳು ಒಯ್ದಳಂತೆ.

ಓದು ಮ್ಯಾಟ್ರಿಕ್‌ಗೆ ನಿಂತು, ನಾನು ಬೈಲಹೊಂಗಲದ ಒಂದು ಹತ್ತಿ ಜಿನ್ನಿನಲ್ಲಿ ತೂಕದ ಗುಮಾಸ್ತನಾದೆ. ಅಲ್ಲಿಯೇ ಮುದುಕನೂ ಆದೆ. ಕೆಲಸ ಬಿಡುವ ವರ್ಷ ಈರಪ್ಪ ಟ್ರ್ಯಾಕ್ಟರಿನಲ್ಲಿ ಹತ್ತಿ ತಂದ. ಅವನ ತಲೆಯೂ ಹತ್ತಿಯಂತಾಗಿತ್ತು. ಒಟ್ಟಿದ ಹತ್ತಿಯ ಅಂಡಿಗೆಗಳ ನೆರಳಲ್ಲಿ ಕೂತು ಇಬ್ಬರೂ ಚಹಾ ಕುಡಿದೆವು. ಮಕ್ಕಳು ಮರಿ ಮಳೆ ಬೆಳೆ ಎಲ್ಲ ಮಾತಾಡಿ ಮುಗಿದ ಮೇಲೆ ನಾನು ಎಡಗೈಯನ್ನು ನಡುವಿನ ಮೇಲೆ ಇಟ್ಟುಕೊಂಡೆ.

“ಈರಪ್ಪಾ, ಅವತ್ತ ಮುಟ್ಟಿತ್ತೋ.”

ಯಾವತ್ತು ಎಂದು ಅವನು ಕೇಳಲಿಲ್ಲ. ಬಟ್ಟಲಲ್ಲಿ ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿದ.

“ಅವತ್ತ ಸಂಜೀಕ ನಾ ಉಸ್ತಾದರ ಮುಂದ ಕುಂತು ಅತ್ತಿದ್ದೆ” ಅಂದ. “ಅವರು, ನೀ ಹಿಂದ ಸರಿದ ಹೆಜ್ಜಿ ನನಗ ಕೇಳೇತಿ, ಸುಮ್ಮನಿರು, ಅವಾ ಬಂದು ಹೇಳತಾನ ಅಂದ್ರು. ಅವಾ ಹೇಳಿದ ದಿನಾನ ಎರಡನೇ ವರಸಿ ಸುರು, ಇಬ್ಬರಿಗೂ ಕೂಡೇ ಕಲಸತೇನಿ ಅಂದ್ರು. ಅದಕ್ಕ ನಾ ದಿನಾ ಬರತಿದ್ದೆ.”

ಆಮೇಲೆ ಅವನೇ, “ಹೋಗಲಿ ಬಿಡು, ಈಗರ ಹೇಳಿದೆಲ್ಲ” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮೊನ್ನೆ ಊರಿಗೆ ಹೋಗಿದ್ದೆ. ತಾಲೀಮು ಮನೆ ಇದ್ದಲ್ಲಿ ಗೊಬ್ಬರದ ಚೀಲ ಒಟ್ಟುವ ತಗಡಿನ ಶೆಡ್ಡು ಎದ್ದಿದೆ. ಸಾಲೆಯ ಬಯಲಿನಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು. ಸೀಟಿ ಊದುವವನಿದ್ದ, ಮುಟ್ಟಿತು ಮುಟ್ಟಿಲ್ಲ ಎಂದು ಜಗಳವಿತ್ತು, ಮೊಬೈಲಿನಲ್ಲಿ ಹಿಂದಕ್ಕೆ ಓಡಿಸಿ ನೋಡುವವರಿದ್ದರು. ಅವರನ್ನು ದೂರುವ ಬಾಯಿ ನನ್ನದಲ್ಲ. ಒಬ್ಬನ ಬಾಯಿಂದ ಒಂದು ಮಾತು ಬರಲೆಂದು ಇಡೀ ಊರು ಉಸಿರು ಹಿಡಿದು ಕಾಯುತ್ತಿದ್ದ ಆ ಗಳಿಗೆಯನ್ನು ಕೆಡಿಸಿದವನು ನಾನೇ.

ಸಲಾಮಿ ಈಗಲೂ ನನ್ನ ಕೈಗೆ ನೆನಪಿದೆ. ಮಂಜು ಬಿದ್ದ ಬೆಳಗ್ಗೆ ಅಂಗಳದಲ್ಲಿ ಒಬ್ಬನೇ ನಿಂತಾಗ ಬಲಗೈ ತಾನೇ ನೆಲಕ್ಕೆ ಇಳಿದು ಎದೆಗೆ ಬರುತ್ತದೆ, ತಲೆ ಬಾಗುತ್ತದೆ. ಅಲ್ಲಿಗೆ ಕೈ ನಿಲ್ಲುತ್ತದೆ. ಅದರ ಮುಂದಿನ ವರಸೆ ಹೇಗಿತ್ತೆಂದು ಹೇಳಬಲ್ಲವರು ಈ ಸೀಮೆಯಲ್ಲಿ ಈಗ ಒಬ್ಬರೂ ಉಳಿದಿಲ್ಲ.