ಅರ್ಧ ಜಿಲ್ಲೆ ಹುಟ್ಟಿದ ದಿನ

ಸೂಜಿ ನಮ್ಮ ಸೋದರತ್ತೆಯ ತೋಳಿನಿಂದ ಒಂದು ಗೇಣು ದೂರದಲ್ಲಿತ್ತು. (ಆ ಒಂದು ಗೇಣನ್ನು ನಾನು ಈಗಲೂ ದಿನಕ್ಕೆ ಹತ್ತು ಸಲ ಅಳೆಯುತ್ತಿದ್ದೇನೆ.)

'ಏನವ್ವಾ ಇದು?' ಎಂದು ಅತ್ತೆ ಸಿಸ್ಟರನ್ನು ಕೇಳಿದಳು.

'ಶುಗರಿಂದು ಆಯಿ, ಇನ್ಸುಲಿನ್.'

'ನನಗ ಎಲ್ಲೀ ಶುಗರ್ ಯವ್ವಾ! ಚಾದಾಗ ನಾಕ ಚಮಚ ಸಕ್ಕರಿ ಹಾಕ್ಕೊಂಡು ಕುಡಿಯಾಕಿ ನಾ. ಬೇಕಾದ್ರ ನನ್ನ ಸೊಸಿನ್ನ ಕೇಳು, ಡಬ್ಬೀನ ಮುಚ್ಚಿಡ್ತಾಳ.'

ಸಿಸ್ಟರ್ ನಗಲಿಲ್ಲ. ಕೈಯಲ್ಲಿದ್ದ ಹಾಳೆ ನೋಡಿದರು. ಶಾಂತವ್ವ ಬಿರಾದಾರ, ಜೂನ್ 1, 1957. ಹೆಸರು ಸರಿ, ತಾರೀಖು ಸರಿ.

'ನಿಮ್ಮೂರು ಕಳ್ಳಕವಟಗಿ ಅಲ್ಲೇನ್ರಿ?'

'ಅಲ್ರಿ, ಸಾರವಾಡ,' ಅಂದೆ.

ಸೂಜಿ ಟ್ರೇಗೆ ವಾಪಸ್ ಹೋಯಿತು.

ಅತ್ತೆಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ವಿಜಯಪುರದಲ್ಲಿ ಇರುವವನು ನಾನು, ಹಾಗಾಗಿ ಆಸ್ಪತ್ರೆಯ ಓಡಾಟ ನನ್ನ ಪಾಲಿಗೆ. ಹಿಂದಿನ ದಿನದಿಂದ ಆಕೆ ಏನೂ ತಿಂದಿರಲಿಲ್ಲ. ಖಾಲಿ ಹೊಟ್ಟೆ, ಸಕ್ಕರೆ ಕಾಯಿಲೆ ಇಲ್ಲದ ಮೈ, ಅದರ ಮೇಲೆ ಇನ್ಸುಲಿನ್. ಪ್ರಜ್ಞೆ ತಪ್ಪುತ್ತಿತ್ತು, ಜೀವಕ್ಕೇ ಕುತ್ತು ಬರಬಹುದಿತ್ತು ಎಂದು ಆಮೇಲೆ ಡಾಕ್ಟರೇ ಹೇಳಿದರು.

ತಪ್ಪು ಯಾರದು? ನನ್ನ ಮೊದಲ ಅನುಮಾನ ನನ್ನ ಮೇಲೆಯೇ.

ಎರಡು ದಿನ ಮೊದಲು ಗಾಂಧಿ ಚೌಕದ ಚಹಾದಂಗಡಿಯಲ್ಲಿ ಕೂತು, ಮೊಬೈಲಿನಲ್ಲಿ ಆಸ್ಪತ್ರೆಯ ಫಾರ್ಮ್ ತುಂಬಿದ್ದೆ. ಜನ್ಮ ದಿನಾಂಕದ ಜಾಗ ಮುಟ್ಟಿದರೆ ಒಂದು ಕ್ಯಾಲೆಂಡರ್ ತೆರೆಯಿತು. ಅದೂ ಈ ತಿಂಗಳದ್ದು! ಟೈಪ್ ಮಾಡಲು ಬಿಡದು. ಹಿಂದಕ್ಕೆ ಹೋಗಲು ಸಾಸಿವೆ ಗಾತ್ರದ ಬಾಣ, ಒಂದು ಒತ್ತಿಗೆ ಒಂದು ತಿಂಗಳು. 1957 ಮುಟ್ಟಲು ಎಷ್ಟು ಸಲ ಒತ್ತಬೇಕು? (ನೀವೇ ಗುಣಿಸಿ ನೋಡಿ. ನನ್ನ ಚಹಾ ಆರಿ, ಇನ್ನೊಂದು ತರಿಸಿದೆ.) ಕಣ್ಣು ಮಂಜಾದವರು, ಬೆರಳು ನಡುಗುವವರು ಏನು ಮಾಡಬೇಕು?

ಅತ್ತೆಯ ಆಧಾರ್ ಕಾರ್ಡಿನಲ್ಲಿ ಬರೀ ಇಸವಿ ಇದೆ. ಫೋನ್ ಮಾಡಿ ಕೇಳಿದೆ.

'ಎಳ್ಳ ಅಮಾಸಿ ದಿನಾ ತಮ್ಮಾ. ಎಲ್ಲಾರೂ ಭೂಮ್ತಾಯಿಗೆ ಚರಗಾ ಚೆಲ್ಲಾಕ ಹೊಲಕ್ಕ ಹೋಗಿದ್ರು, ನಮ್ಮವ್ವ ಮನ್ಯಾಗ ನನ್ನ ಹಡದ್ಲು. ಬರಕೋ.'

ಎಲ್ಲಿ ಬರೆದುಕೊಳ್ಳಲಿ? ಅಮಾವಾಸ್ಯೆ ಬಿಡಿ, ಬರೀ ಇಸವಿ ಹಾಕಲೂ ಜಾಗವಿಲ್ಲ. ಖಾಲಿ ಬಿಟ್ಟರೆ ಕೆಂಪು ಅಕ್ಷರ. ಕೊನೆಗೆ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಜೂನ್ ಒಂದು ಹಾಕಿದೆ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಲಿ ಎಂದು ಮಾಸ್ತರರು ನಮ್ಮಪ್ಪನಿಗೂ ನನಗೂ ದಯಪಾಲಿಸಿದ ಹುಟ್ಟುಹಬ್ಬ ಅದು.

ಕೂಡಲೇ ಫಾರ್ಮ್ ಕೇಳಿತು: 'ಈ ಹೆಸರು ಮತ್ತು ದಿನಾಂಕದ ರೋಗಿ ಈಗಾಗಲೇ ನೋಂದಣಿಯಾಗಿದ್ದಾರೆ. ಮುಂದುವರಿಯಬೇಕೆ?' ಅತ್ತೆ ಹಿಂದೆ ಯಾವಾಗಲೋ ಬಂದಿರಬೇಕು ಎಂದುಕೊಂಡು 'ಹೌದು' ಒತ್ತಿದೆ. ಕಳ್ಳಕವಟಗಿಯ ಶಾಂತವ್ವನ ಮನೆಯವರೂ ಜೂನ್ ಒಂದೇ ಹಾಕಿದ್ದರೆಂದು ನನಗೇನು ಗೊತ್ತು? ಇಬ್ಬರು ಹೆಂಗಸರು ಒಂದೇ ಫೈಲಾದರು; ಆಕೆಯ ಇನ್ಸುಲಿನ್ ಅತ್ತೆಯ ಪಾಲಿಗೆ ಬಂತು.

ಅವತ್ತಿನಿಂದ ತಾರೀಖು ಕೇಳುವ ಯಾವ ಸ್ಕ್ರೀನನ್ನೂ ನಾನು ನಂಬುತ್ತಿಲ್ಲ. ಮುಂದಿನ ವಾರದ ಅಪಾಯಿಂಟ್‌ಮೆಂಟ್‌ಗೆ ಕ್ಯಾಲೆಂಡರ್ ಸರಿ. ಹುಟ್ಟಿದ ದಿನಕ್ಕೆ ಅದೇಕೆ? ದಿನ, ತಿಂಗಳು, ವರ್ಷ ಎಂದು ಮೂರು ದೊಡ್ಡ ಖಾನೆ ಕೊಟ್ಟು, ಟೈಪ್ ಮಾಡಲು ಬಿಟ್ಟರೆ ಯಾರ ಗಂಟು ಹೋಗುತ್ತದೆ? 'ವರ್ಷ ಮಾತ್ರ ಗೊತ್ತು' ಎನ್ನಲು ಒಂದು ಗುಂಡಿ ಇಟ್ಟರೆ? ಗೊತ್ತಿಲ್ಲ ಎನ್ನಲು ಬಿಡದ ಫಾರ್ಮ್ ನಮ್ಮಿಂದ ಸುಳ್ಳನ್ನು ಕೇಳಿ ಪಡೆಯುತ್ತದೆ. ಆಮೇಲೆ ಅದೇ ಸುಳ್ಳನ್ನು ಗುರುತೆಂದು ನಂಬಿ ಸೂಜಿ ಕಳಿಸುತ್ತದೆ.

ಅತ್ತೆಯ ಆಪರೇಷನ್ ಮರುದಿನ ಸುಸೂತ್ರವಾಗಿ ಆಯಿತು. ಡಿಸ್ಚಾರ್ಜ್ ದಿನ ಕೌಂಟರಿನಲ್ಲಿದ್ದವರನ್ನು ಕೇಳಿದೆ, 'ಎರಡೂ ಫೈಲ್ ಬ್ಯಾರೆ ಮಾಡೀರೇನ್ರಿ?'

'ಮಾಡೀವ್ರಿ ಸರ್. ನಮ್ಮ ಕಂಪ್ಯೂಟರಿನ್ಯಾಗ ಅರ್ಧ ಜಿಲ್ಲಾನ ಜೂನ್ ಒಂದಕ್ಕ ಹುಟ್ಟೇತಿ, ನಾವರ ಏನ್ ಮಾಡೂಣ್ರಿ?'

'ಮತ್ತ ಹ್ಯಾಂಗ ಬ್ಯಾರೆ ಮಾಡಿದ್ರಿ?'

'ನಿಮ್ಮವ್ರಿಗೆ ಜೂನ್ ಎರಡು ಹಾಕೇವ್ರಿ.'

ಹೊಲಿಗೆ ಬಿಚ್ಚಿಸಲು ಸೋಮವಾರ ಮತ್ತೆ ಅಲ್ಲಿಗೇ ಹೋಗಬೇಕು. ಜೂನ್ ಎರಡಕ್ಕೆ ಹುಟ್ಟಿದ ಇನ್ನೊಬ್ಬ ಶಾಂತವ್ವ ಬಿರಾದಾರ ಅಲ್ಲಿಲ್ಲ ಎಂದು ಯಾರಾದರೂ ನೋಡಿದ್ದಾರೆಯೇ?