ಫೋನೆತ್ತುವ ಫ್ರೆಮಾ

ಕುಮಾಸಿ ಊರಿನ ಸುವಾಮೆ ರಸ್ತೆಯಲ್ಲಿ, ಟೈರಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಎನ್‌ಕೊಮೊ ರೇಡಿಯೋ ಶುರುವಾದಾಗ ಅಕೊಸುವಾ ಫ್ರೆಮಾಳಿಗೆ ಇಪ್ಪತ್ತೊಂಬತ್ತು ವರ್ಷ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಆ ವರ್ಷವೇ ಅವಳನ್ನು ಹೊರಹಾಕಿದ್ದರು. ಅವಳು ಕೇಳಿಕೊಂಡು ಬಂದದ್ದು ನೆಲ ಒರೆಸುವ ಕೆಲಸ. ಆದರೆ ಮೊದಲ ದಿನವೇ ನಿರೂಪಕ ಒಹೆಮೆಂಗ್ "ಮಾರ್ಕೆಟ್ ಚರಂಡಿ ಬಳಿಯೋದು ಯಾರ ಕೆಲಸ?" ಎಂದು ಊರಿಗೆ ಪ್ರಶ್ನೆ ಎಸೆದದ್ದೇ ತಡ, ಫೋನು ಬಾಯಿ ಮುಚ್ಚಲಿಲ್ಲ. ಎತ್ತುವವರಿಲ್ಲದೆ ಇವಳೇ ಎತ್ತಿದಳು. ಮುಂದೆ ಇಪ್ಪತ್ಮೂರು ವರ್ಷ ಎತ್ತುತ್ತಲೇ ಇದ್ದಳು.

ಸರ್ಕಾರದ ರೇಡಿಯೋ ಒಂದನ್ನೇ ಕೇಳಿ ಬೆಳೆದ ಊರು. ತಾನೂ ಮಾತಾಡಬಹುದೆಂದು ಗೊತ್ತಾದ ಮೇಲೆ ಸುಮ್ಮನಿರುತ್ತದೆಯೇ? ಲಾರಿ ರಿಪೇರಿಯವರು, ಟೊಮೇಟೊ ಮಾರುವವರು, ಪಾದ್ರಿಗಳು, ಬೆಳಿಗ್ಗೆಯೇ ಕುಡಿದವರು, ಎಲ್ಲರೂ ಮೊದಲು ಸಿಗುತ್ತಿದ್ದದ್ದು ಫ್ರೆಮಾಳಿಗೆ. "ಅಳು ನಿಲ್ಲಿಸಮ್ಮ, ಒಂದು ಗುಟುಕು ನೀರು ಕುಡಿ, ಆಮೇಲೆ ಹೇಳು" ಎಂದು ಸಮಾಧಾನ ಮಾಡಿಯೇ ಅವಳು ಜನರನ್ನು ಒಹೆಮೆಂಗನಿಗೆ ದಾಟಿಸುತ್ತಿದ್ದಳು. ಕಷಾಯದ ಬಾಟಲಿ, ಬ್ಯಾಟರಿಗಳ ಜಾಹೀರಾತಿನಲ್ಲಿ ರೇಡಿಯೋ ಮೈ ತುಂಬಿಕೊಂಡಿತು. ಸದ್ದು ತಡೆಯಲು ಗೋಡೆಗೆ ಸ್ಪಂಜು ಬಂತು, ಎಸಿ ಬಂತು. ಅವಳ ದನಿ ಮಾತ್ರ ರೇಡಿಯೋದಲ್ಲಿ ಊರಿಗೆ ಕೇಳಿಸಲಿಲ್ಲ.

ಕೇಳಿಸಿದ್ದು ಒಂದೇ ಸಲ. ಮಳೆಗೆ ಸೇತುವೆ ಮುಳುಗಿ ಒಹೆಮೆಂಗ್ ಬರಲಾಗದ ದಿನ ಮಾಲೀಕರು ಅವಳನ್ನೇ ಮೈಕಿನ ಮುಂದೆ ಕೂರಿಸಿದರು.

"ನನ್ನ ಹೆಸರು ಫ್ರೆಮಾ," ಎಂದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಎತ್ತಿದಳು.

ಆ ಕಡೆಯಿಂದ ಹೆಂಗಸೊಬ್ಬಳು ಕೂಗಿದಳು: "ಅಯ್ಯೋ, ನೀನಾ? ನೀರು ಕುಡಿ ಅಂದೋಳು!"

ಮಧ್ಯಾಹ್ನದವರೆಗೆ ಊರೆಲ್ಲ ಅವಳೊಂದಿಗೆ ಹರಟಿತು.

ಸಂಜೆ ಅಸಾಫೋ ಬಡಾವಣೆಯ ತನ್ನ ವಠಾರಕ್ಕೆ ಬಂದಳು. ಅಂಗಳದಲ್ಲಿ ಎದುರು ಕೋಣೆಯ ಬಿರಾಗೊ ರಾತ್ರಿಯೂಟಕ್ಕೆ ಮರಗೆಣಸಿನ ಫುಫು ಮುದ್ದೆ ಕುಟ್ಟುತ್ತಿದ್ದಳು. ಎಂಟು ವರ್ಷದಿಂದ ನೆರೆಯವಳು.

"ಆರನೇ ರೂಮಿನಕ್ಕ, ಇವತ್ತು ರೇಡಿಯೋ ಕೇಳಿದ್ರಾ? ಯಾರೋ ಫ್ರೆಮಾ ಅಂತೆ. ಏನು ಚೆಂದ ಮಾತಾಡಿದ್ಲು ಅಂತೀರಿ!"

"ಹೌದಾ? ನಾನು ಕೆಲಸದಲ್ಲಿದ್ದೆ," ಎಂದು ಫ್ರೆಮಾ ಒಳಹೋಗಿ ಬಾಗಿಲು ಹಾಕಿಕೊಂಡಳು. ವಠಾರದಲ್ಲಿ ಅವಳು ಆಡುತ್ತಿದ್ದದ್ದೇ ದಿನಕ್ಕೆ ನಾಲ್ಕು ಮಾತು. ಹೆಸರನ್ನು ಯಾರೂ ಕೇಳಿರಲಿಲ್ಲ, ದನಿಯ ಗುರುತು ಸಿಗುವುದಾದರೂ ಹೇಗೆ?

ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳು ರೇಡಿಯೋವನ್ನು ರಾಜಧಾನಿ ಅಕ್ರಾದ ಕಂಪನಿಗೆ ಮಾರಿದರು. ಇನ್ನು ಮಾತೆಲ್ಲ ಅಕ್ರಾದಿಂದ, ಇಲ್ಲಿ ಬರೀ ಪ್ರಸಾರದ ಗೋಪುರ. ಆ ಕೊನೆಯ ವಾರ ಮುದುಕನೊಬ್ಬ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಗಿಡ್ಡ ಆಸಾಮಿ, ಇಸ್ತ್ರಿ ಮಾಡಿದ ಹಳೆಯ ರೈಲ್ವೆ ಕೋಟು.

"ನಿಮೋ ಮಾಮ ಅಲ್ವಾ?" ಎಂದಳು ಫ್ರೆಮಾ.

ದಿನಾ ಹತ್ತು ಗಂಟೆಗೆ ಫೋನು ಮಾಡಿ, ನಿಂತುಹೋದ ರೈಲನ್ನು ಮತ್ತೆ ಓಡಿಸಿ ಎಂದು ಜಗಳ ತೆಗೆಯುತ್ತಿದ್ದ ನಿವೃತ್ತ ಗಾರ್ಡು ಅವನೇ. ಮಂತ್ರಿಗಳ ನೀರಿಳಿಸುತ್ತಿದ್ದ ಆ ಬಾಯಿ ಈಗ ಬರೀ ನಕ್ಕಿತು.

"ಊಟ ಆಯ್ತಾ ಮಾಮ?"

"ಆಯ್ತಮ್ಮ."

ಇಬ್ಬರೂ ನೆಲ ನೋಡುತ್ತ ನಿಂತರು.

"ಮುಖ ನೋಡಿದ್ರೆ ಮಾತೇ ಬರಲ್ಲ ಕಣಮ್ಮ," ಎಂದು ಅವನು ಇಳಿದುಹೋದ.

ಎರಡು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಕಿಟಕಿಯಿಂದ ನೋಡಿದರೆ, ಕೆಳಗೆ ಟೈರುಗಳ ರಾಶಿಯ ಪಕ್ಕ ಮುದುಕ ಬೆನ್ನು ತಿರುಗಿಸಿ ನಿಂತು ಮೊಬೈಲನ್ನು ಕಿವಿಗೆ ಒತ್ತಿಕೊಂಡಿದ್ದಾನೆ.

"ನೋಡಮ್ಮ, ನಮ್ಮ ಆ ರೈಲಿದೆಯಲ್ಲ..."

"ಹೇಳಿ ಮಾಮ. ಇವತ್ತು ನಿಮ್ಮನ್ನ ತಡೆಯೋರು ಯಾರೂ ಇಲ್ಲ."

ಅರ್ಧ ಗಂಟೆ ಮಾತಾಡಿದರು. ರೈಲಿನಿಂದ ಹೊರಟ ಮಾತು, ತೀರಿಹೋದ ಹೆಂಡತಿ ಮಾಡುತ್ತಿದ್ದ ತಾಳೆಕಾಯಿ ಸಾರಿಗೆ ಬಂತು. ಫ್ರೆಮಾಳೂ ಯಾರಿಗೂ ಹೇಳದ ಗಂಡನ ಮನೆಯ ಕಥೆ ಹೇಳಿದಳು. ಆಮೇಲೆ ಬಾಡಿಗೆ ವ್ಯಾನು ಬಂತು. ಅವನು ತಿರುಗಿ ನೋಡದೆ ಕೈಯೆತ್ತಿ ಹತ್ತಿಕೊಂಡ.

ಶುಕ್ರವಾರ ಫೋನಿನ ಲೈನು ಕಿತ್ತರು. ತನ್ನ ಸ್ವಂತ ನಂಬರನ್ನು ಮಾಮನಿಗೆ ಕೊಡಬಹುದಿತ್ತೆಂದು ಫ್ರೆಮಾಳಿಗೆ ಹೊಳೆದದ್ದು ಅದರ ನಂತರ. ಅಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ. ಕೊಡುವ ರೂಢಿಯೇ ಅವಳಿಗಿರಲಿಲ್ಲ.